ರವಿವಾರದ ಸಿನಿಮಾ

ಹೊಳೆದಂಡೆಯ ಊರೊಂದರಲ್ಲಿ ಜಿನದತ್ತ ಮಾಸ್ತರರು ಸಣ್ಣದೊಂದು ಚಿತ್ರಮಂದಿರ ನಡೆಸುತ್ತಿದ್ದರು. ಚಿತ್ರೋತ್ಸವಗಳಲ್ಲಿ ಒಮ್ಮೆ ತೋರಿಸಿ ಎಲ್ಲರೂ ಮರೆತುಬಿಟ್ಟ ಸಿನಿಮಾಗಳನ್ನು ಹುಡುಕಿ ತಂದು ಪ್ರತಿ ರವಿವಾರ ಒಂದನ್ನು ತೋರಿಸುವುದು ಅವರ ಹುಚ್ಚು. ಊರವರೂ ಅದನ್ನು ಹುಚ್ಚು ಎಂದೇ ಅನ್ನುತ್ತಿದ್ದರು. ಅನ್ನುತ್ತಲೇ ಬಂದು ಕೂರುತ್ತಿದ್ದರು.

ಈಚೆಗೆ ಮಾಸ್ತರರ ಕಣ್ಣು ಮಂಜಾಗುತ್ತ ಬಂದಿತ್ತು. ಒಂದು ದಿನ ಶಿಷ್ಯೆ ಕಲಾವತಿಯನ್ನು ಕರೆದು ಪೆನ್‌ಡ್ರೈವ್ ಒಂದನ್ನು ಕೈಗಿಟ್ಟರು.

"ಇದರಾಗ ಇಪ್ಪತ್ತು ಸಿನಿಮಾ ಅವ. ಒಂದು ಆರಿಸಿಕೊಂಡು ಬಾ. ಸರಿ ಆರಿಸಿದಿ ಅಂದ್ರ ಇನ್ನ ಮ್ಯಾಲೆ ಈ ಕೆಲಸ ನಿಂದ. ಇಲ್ಲಾಂದ್ರ ರವಿವಾರದ ಆಟ ಬಂದ್."

ಕಲಾವತಿ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕು ವರ್ಷದಿಂದ ಅವಳು ಕಾದಿದ್ದು ಈ ಕೆಲಸಕ್ಕೇ.

ಹದಿನೈದು ದಿನ ಬಿಟ್ಟು ಬಂದಳು. ಕೈಯಲ್ಲೊಂದು ದೊಡ್ಡ ಕಾಗದದ ತಖ್ತೆ. ಕಥೆಗೆ ಇಷ್ಟು, ನಟನೆಗೆ ಇಷ್ಟು, ಕ್ಯಾಮೆರಾಕ್ಕೆ ಇಷ್ಟು ಅಂತ ಇಪ್ಪತ್ತಕ್ಕೂ ಅಂಕ ಹಾಕಿದ್ದಳು.

"ಇದು ಮೊದಲು ಬಂದದರಿ ಸರ. ನೂರಕ್ಕ ತೊಂಬತ್ನಾಲ್ಕು."

ಮಾಸ್ತರರು ತಖ್ತೆಯನ್ನು ಮಡಚಿ ಕಿಟಕಿಯ ಸಂದಿಗೆ ಸಿಕ್ಕಿಸಿದರು. ಗಾಳಿಗೆ ಬಡಿದುಕೊಳ್ಳುತ್ತಿದ್ದ ಕದ ಸುಮ್ಮನಾಯಿತು.

"ಈ ಸಿನಿಮಾದ ಬಗ್ಗೆ ಯಾರನ್ನರ ಏನರ ಕೇಳಿದೇನು?"

"ಕೇಳೋದೇನದರಿ? ಎಲ್ಲಾ ತಿಳೀತು."

"ಹಂಗಾರ ಯಾವುದರ ಬಗ್ಗೆ ಕೇಳಿದಿ?"

ಕಲಾವತಿಗೆ ಹೇಳಲು ನಾಚಿಕೆಯಾಯಿತು.

"ಎಲ್ಲಾಕ್ಕಿಂತ ಕಡೀಕ ಬಂದದ್ದೊಂದು ಅದರಿ. ಅಂಚೆಯವನದು. ಅಂವ ದಿನಾ ಒಂದು ಮನಿ ಬಾಗಲತನಕ ಹೋಗಿ, ಪತ್ರ ಕೊಡದನ ಹೊಳ್ಳಿ ಬರ್ತಾನ. ಯಾಕಂತ ಕೊನೀತನಕ ಹೇಳೂದಿಲ್ಲ. ಅದಕ್ಕ ಕಥೆಗೆ ಸೊನ್ನೆ ಹಾಕೀನ್ರಿ."

"ಪಾಪ, ಫೇಲ್ ಮಾಡಿದಿ. ಯಾರನ್ನ ಕೇಳಿದಿ?"

"ಅವ್ವನ್ನ ಕೇಳಿದೆ. ಆ ಮನ್ಯಾಗ ಯಾರೋ ಸತ್ತಿರಬೇಕು ಅಂದ್ಲು. ಬಸ್ ಕಂಡಕ್ಟರನ್ನ ಕೇಳಿದೆ. ಪತ್ರ ಬರದಂವನೂ ಆ ಅಂಚೆಯವನೇ ಇರಬೇಕು ಅಂದ. ನಮ್ಮ ಅಂಚೆಕಚೇರಿಗೂ ಹೋಗಿ ಬಂದೆರಿ."

"ಅಲ್ಲೇನಂದ್ರು?"

"ಸಿನಿಮಾ ಎಲ್ಲಿ ನಡದದ ಅಂತ ನನ್ನನ್ನ ಕೇಳಿದ್ರು."

ಹೇಳುತ್ತ ಹೇಳುತ್ತ ಕಲಾವತಿಯ ಮಾತು ನಿಧಾನವಾಯಿತು. ಹದಿನೈದು ದಿನಗಳಲ್ಲಿ ಆ ತೊಂಬತ್ನಾಲ್ಕರ ಸಿನಿಮಾ ಅವಳಿಗೆ ಒಂದು ಸಲವೂ ನೆನಪಾಗಿರಲಿಲ್ಲ. ಅದು ಅವಳಿಗೇ ಈಗ ಗೊತ್ತಾಯಿತು.

"ಸರ, ಅಂಚೆಯವನದನ್ನ ತೋರಸೂಣ್ರಿ."

ಮಾಸ್ತರರು ಎದ್ದು, ಗೋಡೆಗೆ ಒರಗಿಸಿದ್ದ ಮಡಚುವ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿ ಹಾಕತೊಡಗಿದರು. ಕಲಾವತಿಯೂ ಕೈಜೋಡಿಸಿದಳು. ಖುಷಿಗೆ ಅವಳ ಕಣ್ಣು ತುಂಬಿತ್ತು. ಆದರೂ ಕುತೂಹಲ ಸುಮ್ಮನಿರಬೇಕಲ್ಲ!

"ಸರ, ನೀವೂ ಅದನ್ನ ನೋಡೀರಿ. ಅಂವ ಯಾಕ ಹೊಳ್ಳಿ ಬರ್ತಾನ್ರಿ?"

ಮಾಸ್ತರರು ಇನ್ನೊಂದು ಕುರ್ಚಿ ಬಿಡಿಸಿದರು.

"ಗೊತ್ತಿದ್ದರ ಇಷ್ಟು ಕುರ್ಚಿ ಯಾಕ ಹಾಕ್ತಿದ್ದೆ?"