ಹನ್ನವ್ವನವರು ಉಪದೇಶಿಗೆ ಕೊಟ್ಟ ಕೆಲಸ

ಪುಣ್ಯವಂತೆ ಹನ್ನವ್ವನವರು ಪೀಠದ ಮೇಲೆ ಕೂತವರಲ್ಲ, ಪುಸ್ತಕ ಓದಿದವರೂ ಅಲ್ಲ. ಗದಗ ಸೀಮೆಯ ಬೋಳುಗುಡ್ಡವೊಂದರ ಕೆಳಗಿದ್ದ ಕ್ಷಯರೋಗದ ಆಸ್ಪತ್ರೆಯಲ್ಲಿ ಅವರು ಆಯಾ ಆಗಿದ್ದರು. ಗಂಡಸರ ವಾರ್ಡಿನಲ್ಲಿ ಹದಿನಾರು ಹಾಸಿಗೆ. ಅಷ್ಟೂ ಜನರ ಕಫದ ಬಟ್ಟಲುಗಳನ್ನು ಕುದಿನೀರು, ಫಿನಾಯಿಲು ಹಾಕಿ ದಿನಕ್ಕೆ ಮೂರು ಸಲ ತೊಳೆಯುವುದು, ಏಳಲಾರದವರ ಮೈ ಒರೆಸುವುದು, ಸತ್ತವರ ಬಾಯಿ ಮುಚ್ಚಿ ಗಲ್ಲಕ್ಕೆ ಬಟ್ಟೆ ಕಟ್ಟುವುದು ಅವರ ಕೆಲಸ. ಆ ರೋಗಕ್ಕೆ ತಕ್ಕ ಔಷಧ ಇನ್ನೂ ಬಂದಿರಲಿಲ್ಲ. ಹಾಲು, ಮೊಟ್ಟೆ, ಗುಡ್ಡದ ಗಾಳಿ, ಇಷ್ಟೇ ಚಿಕಿತ್ಸೆ. ಬೆಳಗ್ಗೆ ಯಾರದಾದರೂ ಗಾದಿ ಅಂಗಳದ ಬಿಸಿಲಿನಲ್ಲಿ ಬಿದ್ದಿರುವುದು ಕಂಡರೆ ಅವನು ರಾತ್ರಿ ತೀರಿಕೊಂಡನೆಂದು ಉಳಿದವರಿಗೆ ತಿಳಿಯುತ್ತಿತ್ತು.

ಒಂದು ವರ್ಷ ಕ್ರಿಸ್ಮಸ್ ಕಳೆದು ಎರಡು ವಾರಕ್ಕೆ ಆ ವಾರ್ಡಿಗೆ ಎಲೀಯಪ್ಪನವರೆಂಬ ಉಪದೇಶಿಗಳು ಬಂದರು. ರೋಗಿಯಾಗಿ ಬಂದರು. ಹನ್ನೆರಡು ವರ್ಷ ಹಳ್ಳಿಹಳ್ಳಿ ಸುತ್ತಿ ಸುವಾರ್ತೆ ಸಾರಿದವರು. ಎಷ್ಟೋ ಹಾಸಿಗೆಗಳ ಪಕ್ಕ ಮೊಣಕಾಲೂರಿ, ‘ನಂಬಿಕೆಯಿದ್ದರೆ ಏಳುತ್ತೀರಿ’ ಎಂದು ಹೇಳಿದವರು. ಈಗ ತಮ್ಮ ಕರವಸ್ತ್ರದಲ್ಲೇ ರಕ್ತ ಕಂಡಿದ್ದರು. ಚರ್ಚಿನ ಸಭೆಯವರು ಉಪವಾಸ ಮಾಡಿ ಪ್ರಾರ್ಥಿಸಿದರು, ಹೆಂಡತಿ ನಲವತ್ತು ದಿನ ನೆಲದ ಮೇಲೆ ಮಲಗಿದರು. ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ಬಂದ ದಿನ ಸತ್ಯವೇದವನ್ನು ಟ್ರಂಕಿನ ತಳಕ್ಕೆ ಹಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಭಾನುವಾರ ವಾರ್ಡಿನಲ್ಲಿ ಹಾಡು ಶುರುವಾದರೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು.

ಹನ್ನವ್ವನವರು ಅವರಿಗೆ ಬುದ್ಧಿ ಹೇಳಲಿಲ್ಲ. ಬಟ್ಟಲು ತೊಳೆದಿಟ್ಟು ಹೋಗುತ್ತಿದ್ದರು.

ಪಕ್ಕದ ಹಾಸಿಗೆಯಲ್ಲಿದ್ದವನು ಶಾಂತಪ್ಪ. ಬೆಟಗೇರಿಯ ಸಭೆಗೆ ಸೇರಿದ ನೇಕಾರ, ನಲವತ್ತರ ಆಸುಪಾಸು. ಎರಡೂ ಶ್ವಾಸಕೋಶ ಹೋಗಿದ್ದವು. ಮನೆಯವರು ಬರುವುದನ್ನು ಬಿಟ್ಟು ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅವನು ಉಸಿರು ಕೂಡಿಸಿಕೊಂಡು, “ಅಯ್ನೋರ, ನನ್ನ ಸಲುವಾಗಿ ಒಂದು ಮಾತು ಪ್ರಾರ್ಥನಾ ಮಾಡ್ರಿ” ಎಂದ.

“ನನ್ನ ಕೇಳಬ್ಯಾಡ. ನನ್ನ ಕಡೆ ಏನೂ ಉಳಿದಿಲ್ಲ” ಎಂದು ಉಪದೇಶಿಗಳು ಗೋಡೆಗೆ ಹೊರಳಿದರು.

ಶಾಂತಪ್ಪನ ಕಣ್ಣು ಒದ್ದೆಯಾಯಿತು. ಬಟ್ಟಲು ಒಯ್ಯಲು ಬಂದಿದ್ದ ಹನ್ನವ್ವನವರು ಅವನ ಕಣ್ಣನ್ನು ಸೆರಗಿನಲ್ಲಿ ಒರೆಸಿದರು.

ತಿರುಗಿ ನೋಡಿದ ಉಪದೇಶಿಗಳಿಗೆ ಅದನ್ನು ಕಂಡು ಸಿಟ್ಟು ಬಂತು. ತಮ್ಮ ಮೇಲೆ ಬಂದ ಸಿಟ್ಟು ಅದು. ಆದರೆ ಹೊರಳಿದ್ದು ಆ ತಾಯಿಯ ಕಡೆಗೆ. ಮೊಣಕೈ ಊರಿ ಎದ್ದು ಕೂತು, “ಹನ್ನವ್ವ, ನಿನ್ನ ಮಗಳು ಇದೇ ದವಾಖಾನಿಯೊಳಗ ಹೋದಳಂತ ಕಾಂಪೌಂಡರ್ ಹೇಳಿದ. ಖರೇನು?” ಎಂದರು.

“ಹೌದ್ರಿ. ಹೆಂಗಸರ ವಾರ್ಡಿನ್ಯಾಗ. ಹತ್ತೊಂಬತ್ತು ವರ್ಷದಾಕಿ.”

“ಪ್ರಾರ್ಥನಾ ಮಾಡಿದ್ದಿ?”

“ಮಾಡಿದ್ದೆ.”

“ಮತ್ತ ಏನಾತು?”

“ಸತ್ತಳ್ರಿ.”

ವಾರ್ಡಿನಲ್ಲಿ ಕೆಮ್ಮುವವರು ಕೂಡ ಕೆಮ್ಮು ತಡೆದು ಕೇಳುತ್ತಿದ್ದರು. ಉಪದೇಶಿಗಳು ಬಿಡಲಿಲ್ಲ. “ಆಮ್ಯಾಲೂ ಹೆಂಗ ನಂಬಿದಿ?”

ಹನ್ನವ್ವನವರು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಅವರಿಗೆ ಕೇಳಿರಲಿಲ್ಲವೇನೋ.

“ಮಣ್ಣು ಮಾಡಿ ಬಂದು ಆಕಿ ಅರಿಬಿ ತಗೊಂಡು ಹೋಗಾಕಂತ ಇಲ್ಲಿಗೆ ಬಂದೆ. ಬಾಜೂ ಹಾಸಿಗ್ಯಾಕಿ ನೀರು ಕೇಳಿದಳು. ಕೊಟ್ಟೆ. ಕೊಡೂವಾಗ ನಾ ಒಬ್ಬಾಕೇ ಅಲ್ಲಿ ನಿಂತೀನಿ ಅಂತ ಅನಸಲಿಲ್ರಿ. ದುಃಖ ಏನೂ ಕಮ್ಮಿ ಆಗಲಿಲ್ಲ. ಈಗೂ ಆಗಿಲ್ಲ. ಆದ್ರ ಅವತ್ತು ಮನಿಗೆ ಹೋಗಲಿಲ್ಲ, ಇಲ್ಲೇ ಉಳಿದೆ.”

ಹೀಗೆಂದು ಆ ತಾಯಿಯವರು ಕೆಲಸಕ್ಕೆ ತಿರುಗಿದರು. ಹದಿನಾಲ್ಕು ವರ್ಷದಿಂದ ಅವರು ಅಲ್ಲಿದ್ದುದರ ಕಾರಣವನ್ನು ವಾರ್ಡು ಅಂದೇ ಮೊದಲು ಕೇಳಿದ್ದು.

ಮೂರನೆಯ ದಿನ ಸಂಜೆ, ದೀಪ ಹಚ್ಚುವ ಮುಂಚೆ, ಶಾಂತಪ್ಪನಿಗೆ ರಕ್ತ ಕಿತ್ತುಕೊಂಡು ಬಂತು. ಡಾಕ್ಟರು ನೋಡಿ, ತಲೆಯಾಡಿಸಿ ಹೊರಗೆ ಹೋದರು. ಹನ್ನವ್ವನವರು ಒಂದು ಕೈಯಲ್ಲಿ ಅವನ ತಲೆ ಎತ್ತಿ, ಇನ್ನೊಂದರಲ್ಲಿ ಬೋಗುಣಿ ಹಿಡಿದಿದ್ದರು. ಅವನ ಕಣ್ಣು ಪಕ್ಕದ ಹಾಸಿಗೆಯನ್ನೇ ನೋಡುತ್ತಿತ್ತು.

“ಅಯ್ನೋರ, ಬರ್ರಿ” ಎಂದರು ಹನ್ನವ್ವನವರು.

“ನನ್ನಿಂದ ಆಗೂದಿಲ್ಲ. ಒಳಗ ನಂಬಿಕಿನ ಇಲ್ಲಂದ ಮ್ಯಾಲ, ಬರೇ ಬಾಯಿಲೆ ಹೇಳಿದ್ರ ಸುಳ್ಳು ಹೇಳಿದಂಗ.”

“ನಂಬಿಕಿ ಬರೂತನಕಾ ಇವ ಇರೂದಿಲ್ಲ. ತಲಿ ಹಿಡೀರಿ.”

ಆ ಮಾತಿನಲ್ಲಿ ಗದರಿಕೆ ಇರಲಿಲ್ಲ. ಆದರೂ ಉಪದೇಶಿಗಳು ಎದ್ದರು. ಹಾಸಿಗೆಯ ಅಂಚಿನಲ್ಲಿ ಕೂತು ಶಾಂತಪ್ಪನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡರು. ಬೆವರಿಗೆ ಅಂಟಿದ ಕೂದಲು, ಹಕ್ಕಿಯಷ್ಟು ಹಗುರವಾದ ತಲೆ. ಎಷ್ಟೋ ಜನರ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದರೂ ಒಬ್ಬರ ಭಾರವನ್ನೂ ಹೀಗೆ ಹಿಡಿದಿರಲಿಲ್ಲ ಎಂದು ಅವರೇ ಮುಂದೆ ಹೇಳಿದ್ದುಂಟು.

ತಮ್ಮದೇ ಮಾತು ಒಂದೂ ಬರಲಿಲ್ಲ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ, ಕರ್ತರು ಕಲಿಸಿದ ಪ್ರಾರ್ಥನೆಯನ್ನು, ಮಕ್ಕಳು ಹೇಳುವಂತೆ, ಮೊದಲಿಂದ ಶುರು ಮಾಡಿದರು. ಅರ್ಧಕ್ಕೆ ಕೆಮ್ಮು ಬಂದು ದನಿ ಕಟ್ಟಿತು. ಆಗ ಶಾಂತಪ್ಪನ ತುಟಿ ಅಲ್ಲಾಡಿತು. ಬಿಟ್ಟಲ್ಲಿಂದ ಅವನು ಹಿಡಿದುಕೊಂಡ. ಒಂದೊಂದು ಉಸಿರಿಗೆ ಒಂದೊಂದೇ ಶಬ್ದ. ಸಾಯುವವನ ಬಾಯಿಂದ ಆ ಪ್ರಾರ್ಥನೆಯನ್ನು ಉಪದೇಶಿಗಳು ಕೊನೆಯವರೆಗೂ ಕೇಳಿದರು. ಆಮೆನ್ ಅಂದದ್ದು ಹನ್ನವ್ವನವರು.

ದೀಪ ಬರುವಷ್ಟರಲ್ಲಿ ಶಾಂತಪ್ಪ ತೀರಿಕೊಂಡಿದ್ದ. ಉಪದೇಶಿಗಳು ಬಹಳ ಹೊತ್ತು ಆ ತಲೆಯನ್ನು ಕೆಳಗಿಡಲಿಲ್ಲ. ಅತ್ತರು. ಕೊನೆಗೆ, “ಅವ್ವಾ, ಮುಂದೇನು ಮಾಡಬೇಕು, ತೋರಸ್ರಿ” ಎಂದರು. ಹನ್ನವ್ವನವರು ಗಲ್ಲಕ್ಕೆ ಬಟ್ಟೆ ಕಟ್ಟುವುದನ್ನು ತೋರಿಸಿಕೊಟ್ಟರು.

ಎಲೀಯಪ್ಪನವರ ರೋಗ ವಾಸಿಯಾಗಲಿಲ್ಲ. ಹದಿನಾಲ್ಕು ತಿಂಗಳು ಬದುಕಿದರು. ಎದ್ದು ನಿಲ್ಲುವ ಶಕ್ತಿ ಇದ್ದಷ್ಟು ದಿನ ಹನ್ನವ್ವನವರ ಹಿಂದೆ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದರು. ಮಧ್ಯೆ ಒಮ್ಮೆ ಸಭೆಯ ಹಿರಿಯರು ನೋಡಲು ಬಂದರು. ದೇವರು ನಿಮಗೆ ಮಾಡಿದ್ದಕ್ಕೆ ಊರಿನವರಿಗೆ ಹೇಳಲು ಏನಾದರೂ ಸಾಕ್ಷಿ ಕೊಡಿ ಎಂದು ಕೇಳಿದರು.

ಉಪದೇಶಿಗಳು ವರಾಂಡದ ಕಂಬಕ್ಕೆ ಒರಗಿ ನಿಂತು ಉಸಿರು ಸುಧಾರಿಸಿಕೊಂಡರು. “ಗುಣ ಆಗಿಲ್ಲ, ಆಗೂದೂ ಇಲ್ಲ. ಆಗಲಿಲ್ಲಂತ ಅಂಜಿ ದೇವರ ಮಾರಿ ತಪ್ಪಿಸಿ ಮಲಗಿದ್ದೆ. ಈಗ ಅಂಜೂದಿಲ್ಲ. ಇಷ್ಟು ಹೇಳ್ರಿ, ಸಾಕು” ಎಂದರು.

ಒಳಗೆ ಯಾರೋ ನರಳಿದರು. ಹಿರಿಯರಿಗೆ ಕೈಮುಗಿದು, ಗೋಡೆ ಹಿಡಿದುಕೊಂಡು, ಅವರು ಆ ದನಿಯ ಕಡೆಗೆ ನಡೆದರು.