ಹಾಲಾಗ್ಲಿ ಬಂಡೆ

ಜೋಡಿಹಳ್ಳಿಯ ಸಂತ ಅಂತೋಣಿಯವರ ಗುಡಿ ದಾಟಿ ಊರಾಚೆ ಹೊರಟರೆ ದಾರಿಯ ಪಕ್ಕದಲ್ಲೊಂದು ಕರಿಬಂಡೆ ಸಿಗುತ್ತದೆ. ಅದರ ಹೆಸರು ಹಾಲಾಗ್ಲಿ ಬಂಡೆ. ಪರವೂರಿನವರು ಬಂದು ಹಾಲೆಲ್ಲಿ ಎಂದು ಹುಡುಕುತ್ತಾರೆ, ಪಾಪ! ಇಲ್ಲಿ ಹಾಲೂ ಇಲ್ಲ, ಹಸುವೂ ಇಲ್ಲ. ಇರುವುದೆಲ್ಲ ಒಬ್ಬ ಅತ್ತೆಯ ನಾಲಿಗೆಯ ಕಥೆ.

ಹಿಂದೆ ಒಮ್ಮೆ ಈ ಊರಲ್ಲಿ ಚೌರಮ್ಮ ಎಂಬ ವಿಧವೆಯಿದ್ದಳು. ಕೈ ಧಾರಾಳ, ಮನಸ್ಸು ಬೆಣ್ಣೆ, ಬಾಯಿ ಮಾತ್ರ ಬೊಂಬಾಯಿ. 'ನಿನ್ನ ಮನೆ ಹಾಳಾಗ' ಎನ್ನದೆ ಅವಳ ಒಂದು ಮಾತೂ ಮುಗಿಯುತ್ತಿರಲಿಲ್ಲ. ಕೋಳಿಗೂ ಅದೇ, ಕುಂಬಾರನಿಗೂ ಅದೇ. ಶನಿವಾರ ಶನಿವಾರ ಸ್ವಾಮಿಗಳ ಮುಂದೆ ಪಾಪನಿವೇದನೆ ಮಾಡಿ ಅಳುವಳು. ಗುಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಶುರು. ಬೇಸತ್ತು ನಾಲಿಗೆಯಡಿ ಒಂದು ಹೊಳೆಗಲ್ಲು ಇಟ್ಟುಕೊಂಡಳು. ಕಲ್ಲಿದ್ದರೆ ಮೌನ, ತೆಗೆದರೆ ಬೈಗುಳ. "ಕಲ್ಲಿಗೆ ಪಳಗೋ ನಾಲಿಗೆ ಅಲ್ಲಮ್ಮ ಇದು, ದೇವರ ವರಪ್ರಸಾದ ಬೇಡ್ಕೋ" ಎಂದು ಗುಡಿಯ ಸ್ವಾಮಿಗಳು ನಕ್ಕರಂತೆ. ಚೌರಮ್ಮನಿಗೆ ಕಲ್ಲಿನ ಮೇಲೇ ನಂಬಿಕೆ.

ಒಂದು ಬೆಳಿಗ್ಗೆ ಬಸುರಿ ಸೊಸೆ ಜ್ಞಾನಮ್ಮನ ಕೈಜಾರಿ ಸಾರಿನ ಮಡಕೆ ಒಡೆಯಿತು. ಉಣ್ಣಲೆಂದು ಚೌರಮ್ಮ ಆಗತಾನೆ ಕಲ್ಲು ತೆಗೆದಿದ್ದಳು. "ನಿನ್ನ ಮನೆ ಹಾಳಾಗ!" ಎಂದುಬಿಟ್ಟಳು. "ನನ್ನ ಮನೆ ಯಾವುದತ್ತೆ? ಇದೇ ಅಲ್ವಾ? ಹುಟ್ಟೋ ಕೂಸಿಗೂ ಇದೇ ಜೋಗುಳ ಆಗೋದು ಬೇಡ" ಎಂದವಳೇ ಸೊಸೆ ಗಂಟು ಕಟ್ಟಿ ತವರಿನ ದಾರಿ ಹಿಡಿದಳು.

ಚೌರಮ್ಮ ತಟ್ಟೆ ಬಿಟ್ಟು ಎದ್ದಳು. ಕಲ್ಲನ್ನು ಬಾಯಿಗೆ ಹಾಕಿಕೊಂಡು ಓಡಿದಳು. ಬಂಡೆ ಹತ್ತಿ ನೋಡಿದರೆ ಜ್ಞಾನಮ್ಮ ಆಗಲೇ ಹೊಲ ದಾಟುತ್ತಿದ್ದಾಳೆ. ಕೂಗದಿದ್ದರೆ ಸೊಸೆಯೂ ಹೋದಳು, ಮೊಮ್ಮಗುವೂ ಹೋಯಿತು. ಕಲ್ಲಿದ್ದರೆ ದನಿ ಬಾರದು, ಕಲ್ಲು ತೆಗೆದರೆ ಬೈಗುಳ ಬಿಟ್ಟು ಬೇರೆ ಬಾರದು. ಕಲ್ಲನ್ನು ಮುಷ್ಟಿಗೆ ಉಗಿದು, "ಸ್ವಾಮಿ ದೇವರೇ, ಈ ನಾಲಿಗೆ ನನ್ನ ಕೈಲಾಗಲ್ಲ, ನೀನೇ ಹಿಡ್ಕೋ" ಎಂದು ಅತ್ತು, ಬಾಯಿ ತೆರೆದಳು. "ಲೇ ಜ್ಞಾನೀ, ನಿನ್ನ ಮನೆ ಹಾ..." ಹಳೇ ಚಾಳಿ ಬಿಟ್ಟೀತೇ? ಆದರೆ ಳಕಾರಕ್ಕೆ ಮಡಿಚಬೇಕಾದ ನಾಲಿಗೆ ಮಡಿಚಲೇ ಇಲ್ಲ. "...ಲಾಗ! ಹಾಲಾಗ್ಲಿ ಕಣೇ!"

ಜ್ಞಾನಮ್ಮ ತಿರುಗಿ ನಿಂತಳು. "ಏನಂದ್ರಿ ಅತ್ತೆ?"

"ಹಾಲಾಗ್ಲಿ ಅಂದೆ. ಬಾರೇ ಮನೆಗೆ."

ಅತ್ತೆಗೂ ನಗು, ಸೊಸೆಗೂ ನಗು; ಇಬ್ಬರ ಕಣ್ಣಲ್ಲೂ ನೀರು. ಅಂದಿನಿಂದ ಚೌರಮ್ಮನ ಬಾಯಿಗೆ ಳಕಾರವೇ ಬರಲಿಲ್ಲ ಎನ್ನುತ್ತಾರೆ. ಜೋಡಿಹಳ್ಳಿ ಅವಳಿಗೆ ಸಾಯುವತನಕ ಜೋಡಿಹಲ್ಲಿ. ಊರು ನಗುತ್ತಿತ್ತು, ಅವಳೂ ನಗುತ್ತಿದ್ದಳು.

ಈಗಲೂ ಹೊಸ ಸೊಸೆ ಬಂದರೆ ಅತ್ತೆಯಾದವಳು ಈ ಬಂಡೆಯ ಮೇಲೆ ನಿಂತು "ನಿನ್ನ ಮನೆ ಹಾಲಾಗ್ಲಿ" ಎಂದು ಕೂಗಿಯೇ ಊರೊಳಗೆ ಕರೆಯಬೇಕು. ಆ ಹೊಳೆಗಲ್ಲು ಗುಡಿಯ ಗೂಡಿನಲ್ಲಿದೆ. ನೋಡಬಂದವರು ಅದನ್ನು ಮುಟ್ಟಿ, "ನಾಲಿಗೆ ತಿದ್ದಿದ ಕಲ್ಲು ಇದೇನಾ?" ಎಂದು ಕೇಳುತ್ತಾರೆ. ಊರ ಮುದುಕಿಯರು ಬಿಡುತ್ತಾರೆಯೇ? "ಕಲ್ಲು ಆಗ ಬಾಯಲ್ಲೆಲ್ಲಿತ್ತಪ್ಪ? ಕೈಯಲ್ಲಿತ್ತು!"