ರಕ್ತ ತೆಗೆಯುವ ಸೂಜಿ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಕೊಟ್ಟ ಕೆಲಸವನ್ನು ಚಾಚೂ ತಪ್ಪದೆ ಮಾಡಿದವರಿಗೂ ಪಾಪ ಅಂಟುತ್ತದೆಯೇ?"

ಗುರು ಅಂದರು: "ಅಂಟುವುದಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಿಕೊಂಡು ಹಾಯಾಗಿ ಹೋಗಬೇಕೆಂದಿದ್ದೀಯ. ಇರಲಿ, ಕೂತು ಕೇಳು."

ಲಾರಿಗಳು ತಂಗುವ ಒಂದು ಊರಿತ್ತು. ಅಲ್ಲಿ ಮಾದಕ ಮದ್ದನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುವವರು ಬಹಳ ಮಂದಿ. ಅವರಲ್ಲಿ ಎಚ್‌ಐವಿ ಸೋಂಕು ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಹೊಸದಾಗಿ ಎಷ್ಟು ಜನಕ್ಕೆ ತಗಲುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಸರ್ಕಾರದವರು ಒಬ್ಬ ವೈದ್ಯೆಯನ್ನು ಕಳಿಸಿದರು.

ಆಕೆಯ ಕೆಲಸ ಸರಳ. ರಕ್ತ ಪರೀಕ್ಷೆ ಮಾಡಬೇಕು. ಸೋಂಕು ಇದ್ದವರನ್ನು ಚಿಕಿತ್ಸೆಗೆ ಕಳಿಸಬೇಕು. ಇಲ್ಲದವರಿಗೆ ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎನ್ನಬೇಕು. ಮತ್ತೆ ಬಂದಾಗ ಸೋಂಕು ಕಂಡರೆ ಅದು ಹೊಸದು. ಅಂದರೆ, ಚೆನ್ನಾಗಿದ್ದವರು ಕೆಡುವುದನ್ನು ಆಕೆ ಕಾಯಬೇಕಿತ್ತು. ಹೀಗೆಂದು ಯಾರೂ ಆಕೆಗೆ ಬಿಡಿಸಿ ಹೇಳಿರಲಿಲ್ಲ.

ವೈದ್ಯೆ ಒಳ್ಳೆಯವಳು. ಯಾರನ್ನೂ ಗದರಲಿಲ್ಲ, ಯಾರ ಗುಟ್ಟನ್ನೂ ಹೊರಗೆ ಬಿಡಲಿಲ್ಲ. ಬನ್ನಿ, ಕೂತುಕೊಳ್ಳಿ ಎಂದು ಅವರನ್ನು ಕರೆದವರು ಆ ಊರಿನಲ್ಲಿ ಅದುವರೆಗೆ ಒಬ್ಬರೂ ಇರಲಿಲ್ಲ. ಅದಕ್ಕೇ ಅವರು ಬಂದರು. ಒಬ್ಬೊಬ್ಬರಿಗೂ ಹೊಸ ಸೂಜಿ ಬಿಚ್ಚಿ ರಕ್ತ ತೆಗೆಯುತ್ತಿದ್ದಳು. ಆಮೇಲೆ ಅವರ ಕಣ್ಣೆದುರೇ ಅದನ್ನು ಕತ್ತರಿಸಿ ಎಸೆಯುತ್ತಿದ್ದಳು.

ಲಾರಿಗಳಿಗೆ ಬಣ್ಣ ಬಳಿಯುವ ಪೇಂಟರ್ ಒಬ್ಬ ಬಂದ. ಅವನ ರಕ್ತದಲ್ಲಿ ಸೋಂಕಿರಲಿಲ್ಲ. ಅದನ್ನು ಕೇಳಿ ಅತ್ತುಬಿಟ್ಟ. ಆಮೇಲೆ ಅಂದ:

"ಡಾಕ್ಟರ್ ಬಾಯಾರ, ಆ ಡಬ್ಬ್ಯಾಗಿನ ಹೊಸಾ ಸೂಜಿ ನನಗ ನಾಕು ಕೊಡ್ರಿ. ನಮ್ಮ ಮಾರಿ ನೋಡಿದ್ರ ಔಷಧಿ ಅಂಗಡ್ಯಾಗ ಕೊಡೂದಿಲ್ಲ. ಮಂದಿ ಚುಚ್ಚಿಕೊಂಡದ್ದನ್ನ ನಾನೂ ಚುಚ್ಚಿಕೋತೀನಿ. ಚಟ ಬಿಡಾಕ ನೋಡೀನ್ರಿ, ಆಗವಲ್ದು."

"ಇವು ರಕ್ತ ತಗಿಯಾಕ ಅಷ್ಟ ಬಂದಾವಪ್ಪ. ಹಂಚಿದ್ರ ತಪ್ಪಾಗ್ತದ. ನಾ ಮ್ಯಾಲಿನವ್ರಿಗೆ ಬರೀತೀನಿ. ನೀ ಮಾತ್ರ ಮಂದಿ ಸೂಜಿ ಮುಟ್ಟಬ್ಯಾಡ."

ಆಕೆ ಬರೆದಳು ಕೂಡ. ಸೂಜಿ ಕೊಡುವುದು ನಮ್ಮ ಕೆಲಸವಲ್ಲ, ಬೇರೆ ಇಲಾಖೆಯದು ಎಂದರು. ಆ ಇಲಾಖೆಗೂ ಬರೆದಳು. ಆ ಊರಿನಲ್ಲಿ ಹೊಸ ಸೋಂಕು ಇದೆಯೆಂದು ಮೊದಲು ತೋರಿಸಿ, ಆಮೇಲೆ ನೋಡೋಣ ಎಂದು ಉತ್ತರ ಬಂತು. ಆಕೆ ತೋರಿಸಲು ಕಾದಳು.

ಆರು ತಿಂಗಳ ಮೇಲೆ ಪೇಂಟರ್ ಮತ್ತೆ ಬಂದ. ಬಾ ಎಂದಿದ್ದರು, ಬಂದ. ಅಷ್ಟು ಮರ್ಯಾದೆ ಅವನಲ್ಲಿತ್ತು. ಆಕೆ ಹೊಸ ಸೂಜಿ ಬಿಚ್ಚಿ ರಕ್ತ ತೆಗೆದಳು. ಈ ಸಲ ಸೋಂಕಿತ್ತು.

ಅವನು ಅಳಲಿಲ್ಲ. "ಈಗರ ಕೊಡ್ತಾರೇನ್ರಿ ಸೂಜಿ?" ಎಂದು ಕೇಳಿದ. ಆಕೆ ಚಿಕಿತ್ಸೆಗೆ ಚೀಟಿ ಬರೆದಳು.

ಅವನನ್ನು ಆಸ್ಪತ್ರೆಗೆ ಕಳಿಸಿದಳು. ಅಲ್ಲಿ ಇಂಥವರನ್ನು ಬಾಗಿಲಾಚೆಯೇ ನಿಲ್ಲಿಸಿ ಮಾತ್ರೆ ಕೊಡುತ್ತಿದ್ದರು. ಅವನು ಕೆಲವು ದಿನ ಹೋದ, ಬಿಟ್ಟ. ಮುಂದಿನ ಮಳೆಗಾಲ ಅವನು ಕಾಣಲಿಲ್ಲ. ಅವನ ಜೊತೆಯವರೂ ಒಬ್ಬೊಬ್ಬರಾಗಿ ಹೊಸ ಸೋಂಕಿನ ಲೆಕ್ಕಕ್ಕೆ ಸೇರಿದರು. ಮೇಲಿನವರು ಬಂದು ನೋಡಿ, ಇಷ್ಟು ಅಚ್ಚುಕಟ್ಟಾದ ಕೆಲಸ ಎಲ್ಲೂ ಆಗಿಲ್ಲ ಎಂದು ಮೆಚ್ಚಿದರು. ಸೂಜಿ ಹಂಚುವ ಮಾತು ಇನ್ನೂ ಪರಿಶೀಲನೆಯಲ್ಲಿತ್ತು. ಕೆಲಸ ಮುಗಿಯಿತು. ಬಳಸದೆ ಉಳಿದ ಸೂಜಿಗಳನ್ನು ವೈದ್ಯೆ ಡಬ್ಬಿಗಳ ಸಮೇತ ಹಿಂದಕ್ಕೆ ಒಪ್ಪಿಸಿದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆದರೆ ಆಕೆ ಮಾಡಿದ ತಪ್ಪಾದರೂ ಏನು, ಗುರುಗಳೇ?" ಎಂದ.

ಗುರು ಅಂದರು: "ಒಂದು ತಪ್ಪು ಮಾಡಿದ್ದರೆ ಅವನು ಉಳಿಯುತ್ತಿದ್ದ."